ಎರಡು ನಾಲಿಗೆಗೊಂದು ಹೆಸರು

ಮಗಳ ಬಾಣಂತನಕ್ಕೆಂದು ಮಾಂಟ್ರಿಯಲ್‌ಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಅಂಟಿನುಂಡೆಯ ಸಾಮಾನಿತ್ತು, ಮೆಂತ್ಯದ ಪುಡಿಯಿತ್ತು, ಬಜೆಯ ತುಂಡಿತ್ತು, ಮೆತ್ತಗಾದ ಹಳೆಯ ಹತ್ತಿ ಸೀರೆ ಹರಿದು ಮಾಡಿದ ಬಟ್ಟೆಗಳಿದ್ದವು. ಮಗುವಿಗೆ ಹೆಸರು ಹುಡುಕುವುದು ಅಪ್ಪ ಅಮ್ಮನ ಕೆಲಸ, ಅಜ್ಜಿಯ ಕೆಲಸ ಎಣ್ಣೆ ನೀರು ಎಂದುಕೊಂಡು ಹೋಗಿದ್ದೆ. ಮನೆ ಸೇರಿದ ಮರುದಿನವೇ ಗೊತ್ತಾಯಿತು, ಅಲ್ಲಿ ಎಲ್ಲರ ತಲೆಯಲ್ಲೂ ಕುಳಿತಿದ್ದದ್ದು ಹೆಸರೇ. ಫ್ರಿಜ್ಜಿನ ಬಾಗಿಲಿಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಅದರ ತುಂಬ ಹೆಸರುಗಳು. ಮುಕ್ಕಾಲು ಪಾಲು ಹೊಡೆದು ಹಾಕಿದ್ದವು.

ಕಾರಣ ಹೇಳಬೇಕೆಂದರೆ ಬೀಗರ ಮನೆಯ ವಿಷಯ ಹೇಳಬೇಕು. ಅಳಿಯನ ತಾಯಿಯ ಮನೆಮಾತು ಫ್ರೆಂಚ್. ತಂದೆಯದು ಇಂಗ್ಲಿಷ್, ಅವರ ಹಿರಿಯರು ಐರ್ಲೆಂಡಿನಿಂದ ಬಂದವರು. ನಲವತ್ತು ವರ್ಷಗಳಿಂದ ಗಂಡ ಹೆಂಡತಿ ತಮ್ಮ ತಮ್ಮ ಭಾಷೆಯಲ್ಲೇ ಜಗಳವಾಡಿಕೊಂಡು ಸುಖವಾಗಿ ಸಂಸಾರ ಮಾಡಿದ್ದಾರೆ. ಆದರೆ ಮೊಮ್ಮಗುವನ್ನು ಇಬ್ಬರೂ ಕರೆಯಬೇಕಲ್ಲ?

"ನೋಡಮ್ಮಾ, ಹೆಸರನ್ನ ಎರಡು ಭಾಷೆಯಲ್ಲೂ ಒಂದೇ ಥರ ಬರೀಬೇಕು, ಸುಮಾರಾಗಿ ಒಂದೇ ಥರ ಕರೀಬೇಕು, ಯಾವ ಕಡೆಯೂ ಕೆಟ್ಟ ಅರ್ಥ ಬರಬಾರದು. ಅಷ್ಟೇ," ಎಂದಳು ಮಗಳು.

ಅಷ್ಟೇ! ನಮ್ಮಲ್ಲಿ ನಕ್ಷತ್ರದ ಪಾದ ನೋಡಿ ಪುರೋಹಿತರು ಒಂದು ಅಕ್ಷರ ಕೊಟ್ಟರೆ ಸಾಕು, ಅದಕ್ಕೇ ಮನೆಮಂದಿಯೆಲ್ಲ ತಲೆ ಕೆರೆದುಕೊಳ್ಳುತ್ತೇವೆ. ಇಲ್ಲಿ ಎರಡು ಭಾಷೆಗಳ ಪಾದ ನೋಡಬೇಕಿತ್ತು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಮಗು ಹುಟ್ಟುವ ತನಕ ಕೈಗೆ ಬೇರೆ ಕೆಲಸವೂ ಇರಲಿಲ್ಲ. ಅಳಿಯ ಲೈಬ್ರರಿಯಿಂದ ಇಂಗ್ಲಿಷ್ ಪುಸ್ತಕಗಳನ್ನು ತಂದುಕೊಟ್ಟ. ಮಧ್ಯಾಹ್ನವೆಲ್ಲ ಓದುತ್ತ ಕೂತೆ.

ಮೊದಲು ಆ ಹಾಳೆಯ ಮೇಲೆ ಹೊಡೆದು ಹಾಕಿದ ಹೆಸರುಗಳ ಕಥೆ. ಫ್ರೆಂಚರಲ್ಲಿ ನಮ್ಮ ರಾಮ, ಕೃಷ್ಣನಷ್ಟು ಸಾಮಾನ್ಯವಾದ ಗಂಡು ಹೆಸರು ಝಾಂ. (ನಮ್ಮ ಜಕಾರಕ್ಕೂ ಶಕಾರಕ್ಕೂ ನಡುವಿನ ಆ ಸದ್ದಿಗೆ ನಮ್ಮಲ್ಲಿ ಅಕ್ಷರವಿಲ್ಲ, ಈ ಬರಹದ ಮಟ್ಟಿಗೆ ಝ ಎಂದು ಬರೆಯುತ್ತೇನೆ.) ಅದೇ ನಾಲ್ಕು ಅಕ್ಷರವನ್ನು ಇಂಗ್ಲಿಷಿನವರು ಜೀನ್ ಎಂದು ಓದುತ್ತಾರೆ, ಅದು ಹೆಣ್ಣು ಹೆಸರು! ಲೊರಾಂಸ್ ಎಂದರೆ ಫ್ರೆಂಚರಿಗೆ ಹುಡುಗಿ, ಅದನ್ನೇ ಲಾರೆನ್ಸ್ ಎಂದು ಓದುವ ಇಂಗ್ಲಿಷಿನವರಿಗೆ ಹುಡುಗ. ಫ್ಯಾನಿ ಎಂಬುದು ಫ್ರಾನ್ಸಿನಲ್ಲಿ ಮುದ್ದಾದ ಹುಡುಗಿಯ ಹೆಸರು, ಇಂಗ್ಲೆಂಡಿನಲ್ಲಿ ಹತ್ತು ಜನರೆದುರು ಆಡಬಾರದ ಮಾತು. ಫ್ರೆಂಚರ ಬಾಯಲ್ಲಿ ಹಕಾರ ಹೊರಡುವುದಿಲ್ಲ. ಹ್ಯಾರಿ ಹೋಗಿ ಅರಿ ಆಗುತ್ತಾನೆ. ಗಂಡು ಮಗುವಾದರೆ ನಿಖಿಲ್ ಎಂದಿಡಬಹುದಲ್ಲ ಎಂದೆ. ಮಗಳ ಮುಖ ಕೆಂಪಗಾಯಿತು. "ಅಯ್ಯೋ ಬೇಡಮ್ಮ, ಮೊದಲ ಎರಡಕ್ಷರ ಫ್ರೆಂಚಲ್ಲಿ ಕೆಟ್ಟ ಬೈಗುಳ," ಎಂದಳು. ಥಾಮಸ್, ಡೇವಿಡ್, ಶಾರ್ಲೆಟ್, ಅಲೀಸ್ ಇಂಥವು ಎರಡು ಕಡೆಯೂ ಒಂದೇ ಕಾಗುಣಿತದಲ್ಲಿ ನಡೆಯುತ್ತವೆ. ಆದರೂ ಅಜ್ಜಿ ತೊಮಾ ಎಂದರೆ ತಾತ ಟಾಮಸ್ ಎನ್ನುತ್ತಾರೆ, ಅವರು ದಾವೀದ್ ಎಂದರೆ ಇವರು ಡೇವಿಡ್. ಕಾಗದದ ಮೇಲೆ ಒಂದೇ ಮಗು, ಮನೆಯೊಳಗೆ ಇಬ್ಬರು.

ಇಷ್ಟೊಂದು ಲೆಕ್ಕಾಚಾರ ಈ ಊರಿಗೆ ಹೊಸದು ಎಂದು ಬೀಗಿತ್ತಿ ನಕ್ಕರು. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ತಡವರಿಸುವಂಥದು. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು. ಒಂದು ದಿನ ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ತಮ್ಮ ದೀಕ್ಷಾಸ್ನಾನದ ಕಾಗದ ತೆಗೆದು ತೋರಿಸಿದರು. ಅದರಲ್ಲಿ ಅವರ ಹೆಸರು ಮರೀ ಎಂದು ಶುರುವಾಗುತ್ತಿತ್ತು. ಅಕ್ಕಂದಿರ ಕಾಗದದಲ್ಲೂ ಮರೀ. ಅಣ್ಣಂದಿರೆಲ್ಲ ಝೋಸೆಫ್. ನಾನು ಕಣ್ಣರಳಿಸಿದ್ದಕ್ಕೆ ವಿವರಿಸಿದರು. ಕ್ವೆಬೆಕ್ ಪ್ರಾಂತದ ಫ್ರೆಂಚ್ ಕ್ಯಾಥೊಲಿಕ್ ಮನೆಗಳಲ್ಲಿ ಇಪ್ಪತ್ತನೇ ಶತಮಾನದ ನಡುಗಾಲದವರೆಗೂ ಹೆಣ್ಣು ಹುಟ್ಟಿದರೆ ಮೇರಿ ಮಾತೆಯ ಹೆಸರು, ಗಂಡಾದರೆ ಸಂತ ಜೋಸೆಫನ ಹೆಸರು ಮೊದಲು ಬರೆಯುವುದು ರೂಢಿ. ಆಮೇಲೆ ಧರ್ಮಮಾತೆ ಅಥವಾ ಧರ್ಮಪಿತನ ಹೆಸರು. ಕೊನೆಯದು ಕರೆಯುವ ಹೆಸರು. ನಮ್ಮಲ್ಲಿ ಜಾತಕದ ಹೆಸರು, ತೊಟ್ಟಿಲ ಹೆಸರು, ಶಾಲೆಯ ಹೆಸರು ಇರುವುದಿಲ್ಲವೆ, ಹಾಗೆ.

ಆ ಹೆಸರುಗಳು ಬಂದ ದಾರಿ ಹುಡುಕಿದರೆ ಕಥೆ ಹಡಗಿನ ತನಕ ಹೋಗುತ್ತದೆ. ಕೆನಡಾದ ಈ ಭಾಗ ಫ್ರಾನ್ಸಿನ ವಸಾಹತಾಗಿದ್ದಾಗ ಇಲ್ಲಿ ಗಂಡಸರು ತುಂಬಿದ್ದರು, ಹೆಂಗಸರು ಬೆರಳೆಣಿಕೆಯಷ್ಟು. 1663ರಿಂದ 1673ರವರೆಗೆ ದೊರೆ ಹದಿನಾಲ್ಕನೇ ಲೂಯಿ ಬೊಕ್ಕಸದ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದ. ಅನೇಕರು ತಬ್ಬಲಿಗಳು, ಬಡವರು. 'ರಾಜನ ಹೆಣ್ಣುಮಕ್ಕಳು' ಎಂದೇ ಅವರನ್ನು ಕರೆಯುತ್ತಾರೆ. ದಡಕ್ಕಿಳಿದ ಕೆಲವೇ ವಾರಗಳಲ್ಲಿ ಮದುವೆ, ಕಾಡು ಕಡಿದ ಜಮೀನು, ಸಾಲು ಸಾಲು ಮಕ್ಕಳು. ಇವತ್ತಿನ ಫ್ರೆಂಚ್ ಕೆನಡಿಯನ್ನರಲ್ಲಿ ಬಹುಪಾಲು ಜನ ಇವರಲ್ಲಿ ಒಬ್ಬಳ ಸಂತಾನವಾದರೂ ಆಗಿರುತ್ತಾರೆ. ಅದು ಗೊತ್ತಾಗಿರುವುದು ಹೇಗೆಂದರೆ, ಚರ್ಚಿನ ದಾಖಲೆಯಲ್ಲಿ ಮದುವೆಯಾದ ಮೇಲೂ ಹೆಂಗಸನ್ನು ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ಗಂಡನ ಹೆಸರಿನಡಿ ಅವಳು ಕರಗಿ ಹೋಗಲಿಲ್ಲ. ಇದನ್ನು ಓದಿದ ದಿನ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

1703ರಲ್ಲಿ ಕ್ವೆಬೆಕ್‌ನ ಬಿಷಪ್ ಸೇಂಟ್ ವಲಿಯೆ ಪೂಜಾವಿಧಿಗಳ ಪುಸ್ತಕ ಅಚ್ಚು ಮಾಡಿಸಿ, ಮಕ್ಕಳಿಗೆ ಸಂತರ ಹೆಸರನ್ನೇ ಇಡಬೇಕೆಂದು ಕಟ್ಟು ಮಾಡಿದರು. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಅಲ್ಲಿ ಜನನದ ದಾಖಲೆ ಇಟ್ಟವರು ಪಾದ್ರಿಗಳೇ. ಚರ್ಚಿನ ಪುಸ್ತಕವೇ ಸರ್ಕಾರದ ಪುಸ್ತಕ. ಆ ಕೆಲಸ ಪೂರ್ತಿಯಾಗಿ ಸರ್ಕಾರಿ ಕಚೇರಿಗೆ ಹೋದದ್ದು 1994ರಲ್ಲಿ.

ಈ ನಡುವೆ ಊರಿನ ಯಜಮಾನರು ಬದಲಾಗಿದ್ದರು. 1759ರಲ್ಲಿ ಕ್ವೆಬೆಕ್ ನಗರದ ಹೊರಬಯಲಿನಲ್ಲಿ ನಡೆದ ಕದನದಲ್ಲಿ ಇಂಗ್ಲಿಷರು ಗೆದ್ದರು. 1763ರ ಪ್ಯಾರಿಸ್ ಒಪ್ಪಂದದಲ್ಲಿ ನಾಡು ಅವರ ಕೈಸೇರಿತು. ಅಂಗಡಿ, ಬ್ಯಾಂಕು, ಕಾರ್ಖಾನೆ ಇಂಗ್ಲಿಷಿನಲ್ಲಿ; ಅಡುಗೆಮನೆ, ಪೂಜೆ, ಜೋಗುಳ ಫ್ರೆಂಚಿನಲ್ಲಿ. ನಮ್ಮ ದಂಡುಪ್ರದೇಶ, ಪೇಟೆಗಳ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಜಾತಿಗಳಂತೆ ಬೇರೆ ಬೇರೆಯಾಗಿದ್ದವರ ನಡುವೆ ಸಂಬಂಧ ಬೆಳೆಯಲು ಒಂದು ಬಾಗಿಲು ತೆರೆದದ್ದು ಐರಿಷ್ ಜನರಿಂದ. ಅವರ ಮಾತು ಇಂಗ್ಲಿಷ್, ಆದರೆ ಧರ್ಮ ಫ್ರೆಂಚರಂತೆಯೇ ಕ್ಯಾಥೊಲಿಕ್.

ಇದರ ಹಿಂದೆ ದೊಡ್ಡ ದುಃಖವಿದೆ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಸಾವಿರಾರು ಜನ ಹಡಗು ಹತ್ತಿ ಈ ಕಡೆ ಹೊರಟರು. 1847ರ ಬೇಸಿಗೆಯಲ್ಲಿ ಆ ಹಡಗುಗಳಲ್ಲಿ ವಿಷಮಜ್ವರ ಹಬ್ಬಿತು. ಸೇಂಟ್ ಲಾರೆನ್ಸ್ ನದಿಯ ನಡುವೆ ಗ್ರೋಸ್ ಈಲ್ ಎಂಬ ದ್ವೀಪವಿದೆ. ರೋಗಿಗಳನ್ನು ಅಲ್ಲಿ ಇಳಿಸಿ ತಡೆದಿಡುತ್ತಿದ್ದರು. ಅದೊಂದೇ ವರ್ಷ ಅಲ್ಲಿ 5,000ಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದರು. ಅಪ್ಪ ಅಮ್ಮ ಸತ್ತ ಮಕ್ಕಳನ್ನು ಫ್ರೆಂಚ್ ರೈತರು ತಮ್ಮ ಮನೆಗಳಿಗೆ ಕರೆದುಕೊಂಡು ಹೋಗಿ ಸಾಕಿದರು. ಆ ಮಕ್ಕಳು ಫ್ರೆಂಚ್ ಕಲಿತರು, ಫ್ರೆಂಚರನ್ನೇ ಮದುವೆಯಾದರು. ಆದರೆ ಅನೇಕರು ತಮ್ಮ ಐರಿಷ್ ಮನೆತನದ ಹೆಸರನ್ನು ಉಳಿಸಿಕೊಂಡೇ ಬೆಳೆದರು. ಹೊಟ್ಟೆಗೆ ಕೊಟ್ಟವರು ಹೆಸರನ್ನು ಕಸಿದುಕೊಳ್ಳಲಿಲ್ಲ. ಇಂಥದು ಚರಿತ್ರೆಯಲ್ಲಿ ಅಪರೂಪ.

ಹೀಗೆ ಫ್ರೆಂಚ್ ಮೊದಲ ಹೆಸರು, ಇಂಗ್ಲಿಷ್ ಮನೆತನದ ಹೆಸರು ಕೂಡಿದವರು ಕ್ವೆಬೆಕ್ ತುಂಬ ಇದ್ದಾರೆ. ಪಿಯೇರ್ ಮಾರ್ಕ್ ಜಾನ್ಸನ್ ಎಂಬ ಹೆಸರು ಕೇಳಿದರೆ ಯಾವ ಕಡೆಯವರು ಎನ್ನುತ್ತೀರಿ? ಅವರು 1985ರಲ್ಲಿ ಕ್ವೆಬೆಕ್‌ನ ಮುಖ್ಯಮಂತ್ರಿಯಾಗಿದ್ದವರು. ಅವರ ತಂದೆ ಡೇನಿಯಲ್ ಜಾನ್ಸನ್, ಅಣ್ಣ ಇನ್ನೊಬ್ಬ ಡೇನಿಯಲ್ ಜಾನ್ಸನ್, ಆ ಇಬ್ಬರೂ ಅದೇ ಕುರ್ಚಿಯಲ್ಲಿ ಕೂತವರು. ಕೆನಡಾದ ಪ್ರಧಾನಿಯಾಗಿದ್ದ ಪಿಯೇರ್ ಟ್ರುಡೋ ಅವರ ಪೂರ್ತಿ ಹೆಸರು ಜೋಸೆಫ್ ಫಿಲಿಪ್ ಪಿಯೇರ್ ಈವ್ ಎಲಿಯಟ್ ಟ್ರುಡೋ. ಮೊದಲಿಗೆ ಎಲ್ಲರಂತೆ ಜೋಸೆಫ್. ಕೊನೆಗೆ ತಾಯಿಯ ಕಡೆಯಿಂದ ಬಂದ ಸ್ಕಾಟಿಷ್ ಎಲಿಯಟ್. ಅವರ ಹಿರಿಯ ಮಗ 1971ರ ಕ್ರಿಸ್‌ಮಸ್ ದಿನ ಹುಟ್ಟಿದಾಗ ಜಸ್ಟಿನ್ ಎಂದಿಟ್ಟರು. ಫ್ರೆಂಚರು ಝುಸ್ತಾಂ ಎನ್ನಬಹುದು, ಇಂಗ್ಲಿಷಿನವರು ಜಸ್ಟಿನ್ ಎನ್ನಬಹುದು, ಒಂದಕ್ಷರ ಬದಲಾಯಿಸಬೇಕಾಗಿಲ್ಲ. ಎರಡೂ ಭಾಷೆಯವರ ಮತ ಕೇಳಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಆ ಮಗುವೂ ಮುಂದೆ 2015ರಿಂದ 2025ರವರೆಗೆ ಪ್ರಧಾನಿಯಾಗಿತ್ತು.

ಎಲ್ಲರಿಗೂ ಹಾಗೆ ಅನುಕೂಲವಾಗಲಿಲ್ಲ. 2003ರಿಂದ 2012ರವರೆಗೆ ಕ್ವೆಬೆಕ್‌ನ ಮುಖ್ಯಮಂತ್ರಿಯಾಗಿದ್ದ ಝಾಂ ಶರೇ ಅವರ ತಾಯಿ ಐರಿಷ್ ಮೂಲದವರು. ದೀಕ್ಷಾಸ್ನಾನದ ದಾಖಲೆಯಲ್ಲಿ ಅವರ ಹೆಸರು ಜಾನ್ ಜೇಮ್ಸ್ ಎಂದಿತ್ತು. ಇವರು ನಿಜಕ್ಕೂ ಝಾಂ ಹೌದೋ, ಇಲ್ಲ ಒಳಗೊಳಗೆ ಜಾನೋ ಎಂದು ಎದುರಾಳಿಗಳು ಚುಚ್ಚಿದ್ದುಂಟು. ದೊಡ್ಡವರಾದ ಮೇಲೂ ತೊಟ್ಟಿಲ ಹೆಸರು ಹೀಗೆ ಹಿಂದೆ ಬಿದ್ದು ಕಾಡುವುದಿದೆ.

ಇನ್ನು ಬಡವರ ಪಾಡು. 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಫ್ರೆಂಚ್ ಕೆನಡಿಯನ್ನರು ಜಮೀನು ಸಾಲದೆ ಗಡಿ ದಾಟಿ ಅಮೆರಿಕಕ್ಕೆ ಹೋದರು. ಹೆಚ್ಚಿನವರು ಬಟ್ಟೆ ಗಿರಣಿಗಳಿಗೆ ಸೇರಿದರು. ಅಲ್ಲಿ ಇಂಗ್ಲಿಷ್ ಗುಮಾಸ್ತನ ಕೈಯ ಪೆನ್ನು ಹೋದಂತೆ ಹೆಸರು. ಬುವಾವೇರ್ ಎಂದರೆ ಹಸಿರು ಮರ. ಅವರು ಗ್ರೀನ್‌ವುಡ್ ಆದರು. ಲೆಬ್ಲಾಂ ವೈಟ್ ಆಯಿತು, ರುವಾ ಕಿಂಗ್ ಆಯಿತು. ಪಿಯೇರ್ ಪೀಟರ್ ಆದ. ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬ ಗಿರಣಿ ಊರಿನಲ್ಲಿ 1922ರಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಝಾಂ ಲೂಯಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಫ್ರೆಂಚೇ ಆಡುತ್ತಿದ್ದ, ಇಂಗ್ಲಿಷ್ ಕಲಿತದ್ದು ಶಾಲೆಗೆ ಹೋದ ಮೇಲೆ. ಪ್ರಪಂಚ ಅವನನ್ನು ಬಲ್ಲದ್ದು ಜಾಕ್ ಕೆರುವಾಕ್ ಎಂಬ ಅಮೆರಿಕನ್ ಲೇಖಕನೆಂದು.

ಎರಡು ಭಾಷೆಗೆ ಸಲ್ಲುವ ಹೆಸರು ಹುಡುಕುವ ತಾಯಿಯ ಮನಸ್ಸಿನಲ್ಲಿ ಇರುವುದು ಈ ಹೆದರಿಕೆಯೇ ಎಂದು ನನಗನ್ನಿಸಿತು. ಯಾರೋ ಗುಮಾಸ್ತ ನನ್ನ ಮಗುವಿನ ಹೆಸರನ್ನು ತಿದ್ದುವ ಮೊದಲು ನಾನೇ ತಿದ್ದಲು ಬಾರದಂಥದನ್ನು ಇಡುತ್ತೇನೆ ಎಂಬ ಹಟ.

"ಕೊನೇ ಪಕ್ಷ ಇಲ್ಲಿ ಯಾರೂ ಬೇಡ ಅನ್ನೋದಿಲ್ಲ, ಫ್ರಾನ್ಸಿನಲ್ಲಿ ಹುಟ್ಟಿದ್ರೆ ಇನ್ನೂ ಕಷ್ಟ ಇತ್ತು," ಎಂದು ಅಳಿಯ ಒಂದು ಸಂಜೆ ಹೇಳಿದ. ನೋಡಿದರೆ ನಿಜ. ನೆಪೋಲಿಯನ್ ಆಳುತ್ತಿದ್ದಾಗ, 1803ರ ಏಪ್ರಿಲ್ 1ರಂದು ಅಲ್ಲೊಂದು ಕಾನೂನು ಬಂತು. ಪಂಚಾಂಗಗಳಲ್ಲಿ ಬಳಕೆಯಲ್ಲಿರುವ ಹೆಸರುಗಳು ಮತ್ತು ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರುಗಳು, ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ನೋಂದಣಿ ಮಾಡಕೂಡದು. ಕ್ರಾಂತಿಯ ಕಾಲದಲ್ಲಿ ಜನ ಮನಸ್ಸಿಗೆ ಬಂದಂತೆ ಹೆಸರಿಟ್ಟದ್ದಕ್ಕೆ ಹಾಕಿದ ಕಡಿವಾಣ ಅದು. ಕಡಿವಾಣ ನೂರೈವತ್ತು ವರ್ಷ ದಾಟಿಯೂ ಬಿಚ್ಚಲಿಲ್ಲ. ಬ್ರಿಟನಿ ಸೀಮೆಯ ಒಂದು ದೊಡ್ಡ ಕುಟುಂಬ ತಮ್ಮ ನಾಡಭಾಷೆಯ ಹೆಸರುಗಳನ್ನು ಬಿಡಲೊಪ್ಪದೆ, ಹಲವು ಮಕ್ಕಳು ವರ್ಷಗಟ್ಟಲೆ ಸರ್ಕಾರದ ಪಾಲಿಗೆ ಹುಟ್ಟದೇ ಇದ್ದವರಂತೆ ಬೆಳೆದರು. 1966ರಲ್ಲಿ ನಿಯಮ ಸಡಿಲವಾಯಿತು. ಆದರೂ 1983ರಲ್ಲಿ ಹುಟ್ಟಿದ ಒಂದು ಹೆಣ್ಣು ಮಗುವಿಗೆ 'ಫ್ಲೆರ್ ದ ಮರೀ', ಅಂದರೆ ಮೇರಿಯ ಹೂವು, ಎಂದಿಡಲು ಅಧಿಕಾರಿ ಒಪ್ಪಲಿಲ್ಲ. ಅದು ಯೂಜೀನ್ ಸೂ ಬರೆದ ಹಳೆಯ ಕಾದಂಬರಿಯೊಂದರ ನಾಯಕಿಯ ಹೆಸರು. ನಡುವಿನ 'ದ' ತೆಗೆದು ಫ್ಲೆರ್ ಮರೀ ಎಂದರೆ ಆದೀತು ಎಂದರು. ಅಪ್ಪ ಅಮ್ಮ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು, 1996ರಲ್ಲಿ ಅಲ್ಲೂ ಸೋತರು. ಮಗುವಿಗೆ ಆಗ ಹದಿಮೂರು ವರ್ಷ. ಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೋ ಅದೇ ಕರೆದಿರುತ್ತಾರೆ, ಬಿಡಿ.

ಅಷ್ಟರಲ್ಲಿ ಕಾನೂನು ಬದಲಾಗಿತ್ತು. 1993ರಿಂದ ಫ್ರಾನ್ಸಿನಲ್ಲೂ ಯಾವ ಹೆಸರು ಬೇಕಾದರೂ ಇಡಬಹುದು. ಮಗುವಿಗೆ ಕೇಡೆನಿಸಿದರೆ ಮಾತ್ರ ಅಧಿಕಾರಿ ಕೋರ್ಟಿಗೆ ತಿಳಿಸಬೇಕು. 2014ರಲ್ಲಿ ಒಂದು ದಂಪತಿ ಮಗಳಿಗೆ ನ್ಯೂಟೆಲ್ಲಾ ಎಂದಿಟ್ಟರು. ಅದು ಬ್ರೆಡ್ಡಿಗೆ ಸವರುವ ಚಾಕೊಲೇಟಿನ ಹೆಸರು. ನ್ಯಾಯಾಧೀಶರು ಮೊದಲ ಭಾಗ ಕತ್ತರಿಸಿ ಎಲ್ಲಾ ಎಂದು ಉಳಿಸಿದರು. ಇಂಗ್ಲಿಷಿಗೂ ಫ್ರೆಂಚಿಗೂ ಹೊಂದುವ ಚೆಂದದ ಹೆಸರು ನ್ಯಾಯಾಲಯದಿಂದಲೇ ಸಿಕ್ಕಿತು! ನಮ್ಮ ಹಾಳೆಯಲ್ಲೂ ಎಲ್ಲಾ ಇತ್ತು. "ಎಲ್ಲಾ ಎಲ್ಲಿ ಹೋದ್ಲು ಅಂತ ಕೇಳಿದ್ರೆ ನಮ್ಮೂರಲ್ಲಿ ಎಲ್ಲಾರೂ ನಗ್ತಾರೆ ಕಣೇ," ಎಂದೆ. ಮಗಳು ಅದನ್ನೂ ಹೊಡೆದು ಹಾಕಿದಳು. ಆ ಹೊತ್ತಿಗೆ ನನಗೂ ಗೊತ್ತಿಲ್ಲದಂತೆ ಕನ್ನಡ ಎಂಬ ಮೂರನೇ ಸಾಲು ಹಾಳೆಯಲ್ಲಿ ಸೇರಿಬಿಟ್ಟಿತ್ತು.

ಬೀಗರಿಗೂ ಬೀಗಿತ್ತಿಗೂ ಒಟ್ಟಿಗೆ ಹಿಡಿಸಿದ್ದು ಎಮ್ಮಾ. ಅವರನ್ನು ತಪ್ಪು ಹೇಳುವಂತಿಲ್ಲ. ಅಮೆರಿಕದಲ್ಲಿ 2014ರಿಂದ 2018ರವರೆಗೆ ಹೆಣ್ಣು ಮಕ್ಕಳ ಹೆಸರುಗಳಲ್ಲಿ ಅದೇ ಮೊದಲು. ಕ್ವೆಬೆಕ್‌ನಲ್ಲೂ, ಫ್ರಾನ್ಸಿನಲ್ಲೂ ಹಲವು ವರ್ಷ ಮುಂಚೂಣಿಯಲ್ಲಿತ್ತು. ಆದರೆ ಮೊಮ್ಮಗಳನ್ನು ಊರಿಗೆ ಕರೆದುಕೊಂಡು ಹೋಗಿ 'ಇವಳು ನಮ್ಮ ಎಮ್ಮಾ' ಎಂದರೆ ನನ್ನ ಓರಗಿತ್ತಿಯರು ಹಾಲು ಎಷ್ಟು ಕೊಡುತ್ತೆ ಎಂದು ಕೇಳದೆ ಬಿಟ್ಟಾರೆಯೇ? ಈ ಮಾತನ್ನು ಮಗಳು ಬೀಗಿತ್ತಿಗೆ ಫ್ರೆಂಚಿನಲ್ಲಿ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಮುಗಿದ ಮೇಲೆ ನಾನು ಆ ಎಮ್ಮಾಳ ಬೆನ್ನು ಹತ್ತಿದೆ. ಈ ಹೆಸರು ಎರಡೂ ಭಾಷೆಯಲ್ಲಿ ಇರುವುದಕ್ಕೆ ಬಹುಪಾಲು ಕಾರಣ ಒಬ್ಬ ಹೆಣ್ಣುಮಗಳು. ಸಾವಿರ ವರ್ಷದ ಹಿಂದೆ ಫ್ರಾನ್ಸಿನ ನಾರ್ಮಂಡಿಯ ದೊರೆಯ ಮಗಳು ಎಮ್ಮಾ, 1002ರಲ್ಲಿ ಕಡಲು ದಾಟಿ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್‌ನನ್ನು ಮದುವೆಯಾದಳು. ಅತ್ತೆ ಮನೆಯವರಿಗೆ ಆ ಪರದೇಶಿ ಹೆಸರು ಹಿಡಿಸಲಿಲ್ಲವೆಂದು ಕಾಣುತ್ತದೆ. ಆಲ್ಫ್‌ಗಿವು ಎಂದು ಬದಲಾಯಿಸಿದರು. ಅದು ದೊರೆಯ ಅಜ್ಜಿಯ ಹೆಸರು. ರಾಜಪತ್ರಗಳಲ್ಲಿ ಅವಳು ಆ ಹೆಸರಿನಿಂದಲೇ ಕಾಣುತ್ತಾಳೆ. ಗಂಡ ತೀರಿಕೊಂಡ ಮೇಲೆ, 1017ರಲ್ಲಿ ಗೆದ್ದು ಬಂದ ಡೇನಿಷ್ ದೊರೆ ಕನೂಟ್ ಅವಳನ್ನು ಮದುವೆಯಾದ. ಅವನಿಗೆ ಮೊದಲೇ ಒಬ್ಬ ಹೆಂಡತಿಯಿದ್ದಳು, ಅವಳ ಹೆಸರೂ ಆಲ್ಫ್‌ಗಿವು! ಚರಿತ್ರಕಾರರು ಇಂದಿಗೂ ಯಾವ ಆಲ್ಫ್‌ಗಿವು ಎಂದು ಬಿಡಿಸಿ ಬಿಡಿಸಿ ಬರೆಯಬೇಕು. ಮುಪ್ಪಿನಲ್ಲಿ ತನ್ನ ಕಥೆಯನ್ನು ಒಬ್ಬ ಸನ್ಯಾಸಿಯಿಂದ ಲ್ಯಾಟಿನ್ನಿನಲ್ಲಿ ಬರೆಯಿಸಿದಾಗ ಮಾತ್ರ ಅವಳು ಎಮ್ಮಾ. ಅವಳ ಅಣ್ಣನ ಮೊಮ್ಮಗನೇ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ. ಅವನ ಜನರೊಂದಿಗೆ ವಿಲಿಯಂ, ರಾಬರ್ಟ್, ರಿಚರ್ಡ್, ಅಲೀಸ್, ಎಮ್ಮಾ ಎಲ್ಲ ಇಂಗ್ಲೆಂಡಿನೊಳಗೆ ಬಂದು ತುಂಬಿದವು. ಅಂದು ನಾಡಿಗೆ ಹೊಂದುವುದಿಲ್ಲ ಎಂದು ಅಳಿಸಿದ ಹೆಸರು ಇಂದು ಇಂಗ್ಲಿಷಿನವರಿಗೆ ಅಚ್ಚ ಇಂಗ್ಲಿಷ್ ಹೆಸರಾಗಿ ಕೇಳುತ್ತದೆ. ಆಲ್ಫ್‌ಗಿವು ಎಂದು ಯಾವ ಮಗುವಿಗೂ ಇಡುವುದಿಲ್ಲ.

ಎಮ್ಮಾಳ ಕಥೆ ನನಗೆ ದೂರದ್ದಲ್ಲ. ಅಪ್ಪ ಅಮ್ಮ ನನಗಿಟ್ಟ ಹೆಸರು ಗಿರಿಜಾ. 1982ರಲ್ಲಿ ಮದುವೆಯಾದಾಗ ನಮ್ಮತ್ತೆಯವರ ಹೆಸರೂ ಗಿರಿಜಮ್ಮ. ಅತ್ತೆಯ ಹೆಸರಿನ ಸೊಸೆಯನ್ನು ಮನೆಯಲ್ಲಿ ಕೂಗಿ ಕರೆಯುವುದು ಹೇಗೆ? ತಟ್ಟೆಯಲ್ಲಿ ಅಕ್ಕಿ ಹರಡಿ, ಯಜಮಾನರ ಕೈಗೆ ಉಂಗುರ ಕೊಟ್ಟು 'ಶಾರದಾ' ಎಂದು ಬರೆಸಿದರು. ಚೆನ್ನಾಗಿಯೇ ಬರೆದರು, ಅಕ್ಷರ ಗುಂಡಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗಲಿ ಎನ್ನುತ್ತಿದ್ದೆನೇನೋ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಾತ್ರ ಗಿರಿಜಾ ಉಳಿದಳು. ಪಾಸ್‌ಪೋರ್ಟ್ ಮಾಡಿಸುವಾಗ ಈ ಇಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಗಿರಿಜಾ ಎಂದು ಕರೆಯುವವರು ಯಾರೂ ಇರಲಿಲ್ಲ.

ನನ್ನ ಮಗಳ ಮದುವೆ ನಡೆದದ್ದು ಮಾಂಟ್ರಿಯಲ್‌ನಲ್ಲಿ. ಕ್ವೆಬೆಕ್‌ನಲ್ಲಿ 1981ರ ಏಪ್ರಿಲ್‌ನಿಂದ ಮದುವೆಯಾದ ಹೆಣ್ಣು ಹುಟ್ಟು ಹೆಸರಿನಲ್ಲೇ ವ್ಯವಹರಿಸಬೇಕೆಂಬುದು ಕಾನೂನು. ಗಂಡನ ಹೆಸರು ಹಾಕಿಕೊಳ್ಳುತ್ತೇನೆಂದರೂ ಸರ್ಕಾರಿ ಕಾಗದದಲ್ಲಿ ಬಿಡುವುದಿಲ್ಲ. ಮಕ್ಕಳಿಗೆ ಅಪ್ಪನ ಹೆಸರು ಬೇಕಾದರೂ ಸೇರಿಸಬಹುದು, ಅಮ್ಮನದೂ ಸೇರಿಸಬಹುದು, ಎರಡೂ ಸೇರಿಸಬಹುದು. ನಾನು ಅಕ್ಕಿಯ ತಟ್ಟೆಯೆದುರು ತಲೆ ತಗ್ಗಿಸಿ ಕೂತದ್ದು ಈ ಕಾನೂನು ಬಂದ ಮರುವರ್ಷ. ತಾರೀಕು ಹೋಲಿಸಿ ನೋಡುವ ಚಟ ಇತಿಹಾಸದ ಮೇಷ್ಟ್ರುಗಳಿಗೆ ಬಿಡುವುದಿಲ್ಲ.

ಮಗು ಹುಟ್ಟಿದ್ದು ಮೇ ತಿಂಗಳ ಕೊನೆಯಲ್ಲಿ. ಹೆಣ್ಣು. ಮೂರನೇ ದಿನ ಮನೆಗೆ ಬಂದಾಗ ಮಗಳು ಹೇಳಿದಳು, "ಅಮ್ಮಾ, ನಿನ್ನ ಹೆಸರನ್ನೇ ಇಡೋಣ ಅಂತ."

"ಶಾರದಾನಾ?"

"ಅಲ್ಲಮ್ಮ. ನಿನ್ನ ಹೆಸರು."

ಅವಳಿಗೆ ಅಂಕಪಟ್ಟಿಯ ವಿಷಯ ನೆನಪಿತ್ತು ಎಂದು ನಾನು ತಿಳಿದಿರಲಿಲ್ಲ. ಒಲೆಯ ಮೇಲಿನ ಎಣ್ಣೆಯ ಕಡೆ ತಿರುಗಿ ನಿಂತೆ.

ಆದರೆ ಗಿರಿಜಾ ನಡೆಯುವ ಹೆಸರಲ್ಲ. ನಮ್ಮ ಪಾಸ್‌ಪೋರ್ಟಿನಂತೆ ಬರೆದರೆ ಫ್ರೆಂಚರು ಝಿರಿಝಾ ಎಂದು ಓದುತ್ತಾರೆ, ರಕಾರವನ್ನು ಗಂಟಲಲ್ಲಿ ಉಜ್ಜಿ. ಗಕಾರ ಗಕಾರವಾಗಿ ಉಳಿಯಬೇಕಾದರೆ ಜಿ ಪಕ್ಕ ಒಂದು ಯು ಸೇರಿಸಬೇಕು. ಜಕಾರ ಉಳಿಯಬೇಕಾದರೆ ಜೆ ಹಿಂದೆ ಒಂದು ಡಿ ನಿಲ್ಲಿಸಬೇಕು. ನಮ್ಮ ಪಕ್ಕದ ಪಾಂಡಿಚೇರಿಯಲ್ಲಿ ಫ್ರೆಂಚರು ತಮಿಳು ಹೆಸರುಗಳನ್ನು ಹೀಗೆಯೇ ಬರೆಯುತ್ತಿದ್ದರು. ಅಲ್ಲಿ 1881ರ ಆಜ್ಞೆಯಂತೆ ತಮ್ಮ ಸಂಪ್ರದಾಯದ ಕಾನೂನು ಬಿಟ್ಟು ಫ್ರೆಂಚ್ ಕಾನೂನಿಗೆ ಸೇರಿದವರು ಒಂದು ಮನೆತನದ ಹೆಸರನ್ನೂ ಆರಿಸಿಕೊಳ್ಳಬೇಕಿತ್ತು. ವಕೀಲ ಪೊನ್ನುತಂಬಿ ಪಿಳ್ಳೆ ಆರಿ‌ಸಿಕೊಂಡದ್ದು ಲಾಪೋರ್ತ್, ಅಂದರೆ ಬಾಗಿಲು. 1873ರಲ್ಲಿ ಬೂಟು ಹಾಕಿಕೊಂಡು ಬಂದರೆಂದು ಕೋರ್ಟಿನಲ್ಲಿ ತಡೆಸಿಕೊಂಡಿದ್ದ ಮನುಷ್ಯ ಅವರು. ಇರಲಿ. ಪಾಂಡಿಚೇರಿಯ ಕಾಗುಣಿತದಲ್ಲಿ ನನ್ನ ಹೆಸರನ್ನು ಬರೆದು ಬೀಗರಿಗೆ ತೋರಿಸಿದೆವು. ಪಾಪ, ಅವರು ಕನ್ನಡಕ ಸರಿಮಾಡಿಕೊಂಡು ಗ್ವಿರಿಡ್‌ಜಾ ಎಂದರು. ಒಬ್ಬರಿಗೆ ಸರಿಯಾದರೆ ಇನ್ನೊಬ್ಬರಿಗೆ ತಪ್ಪುತ್ತಿತ್ತು.

"ಬೇಡ ಬಿಡು, ಅದೊಂದು ಹೋದ ಹೆಸರು," ಎಂದೆ. ಹಾಗೆಂದಾಗ ಗಂಟಲು ಸ್ವಲ್ಪ ಕಟ್ಟಿದ್ದು ನಿಜ.

ಬೀಗಿತ್ತಿ ಮರುದಿನ ಬಂದಾಗ ಕೈಯಲ್ಲಿ ನಸುನೇರಳೆ ಹೂವಿನ ಗೊಂಚಲು ಹಿಡಿದಿದ್ದರು. ಚಳಿ ಕಳೆದ ಮೇಲೆ ಆ ಊರಿನ ಬೇಲಿಗಳಲ್ಲೆಲ್ಲ ಅರಳುವ, ಮನೆಯ ತುಂಬ ಘಮ್ಮೆನ್ನುವ ಹೂವು. ಅದಕ್ಕೆ ಫ್ರೆಂಚಿನಲ್ಲಿ ಲಿಲಾ ಎನ್ನುತ್ತಾರಂತೆ. ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಮ್ಮ ಲೀಲಾ! ನಾಲ್ಕೇ ಅಕ್ಷರ. ಅಜ್ಜಿಗೆ ಹೂವು, ನನಗೆ ದೇವರ ಆಟ. ಗೆದ್ದೆವು ಎಂದುಕೊಂಡರೆ ತಾತ ಬಂದು ತೊಟ್ಟಿಲ ಮೇಲೆ ಬಗ್ಗಿ "ಲೈಲಾ" ಎಂದರು. ಇಂಗ್ಲಿಷಿನಲ್ಲಿ ಆ ಕಾಗುಣಿತವನ್ನು ಹಾಗೂ ಓದುತ್ತಾರಂತೆ. ಒಂದು ವಾರ ಎಲ್ಲರೂ ತಿದ್ದಿದೆವು. ಈಗ ಹತ್ತು ಸಲದಲ್ಲಿ ಎಂಟು ಸಲ ಸರಿಯಾಗಿ ಹೇಳುತ್ತಾರೆ.

ಹುಟ್ಟಿದ 30 ದಿನದೊಳಗೆ ಸರ್ಕಾರಕ್ಕೆ ವಿವರ ಕೊಡಬೇಕು. ಅಲ್ಲಿ ಮಗುವಿಗೆ ನಾಲ್ಕು ಹೆಸರಿನವರೆಗೂ ಬರೆಯಬಹುದು. ಮಗಳೂ ಅಳಿಯನೂ ಕಂಪ್ಯೂಟರ್ ಮುಂದೆ ಕೂತು ಏನು ತುಂಬಿದರೆಂದು ನಾನು ಕೇಳಲಿಲ್ಲ. ಜುಲೈಯಲ್ಲಿ ಅಂಚೆಯಲ್ಲಿ ಕಾಗದ ಬಂತು. ಮಗಳು ಸ್ನಾನಕ್ಕೆ ಹೋಗಿದ್ದಳು. ಬೀಗಿತ್ತಿ ಲಕೋಟೆ ಒಡೆದು ಮೇಜಿನ ಮೇಲೆ ಹರಡಿದರು. ಮೊದಲು ಲೀಲಾ ಎಂದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೆಸರಿತ್ತು, ಯು ಇಲ್ಲದೆ, ಡಿ ಇಲ್ಲದೆ, ನನ್ನ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ.

ಬೀಗಿತ್ತಿ ಅದರ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು, "ಝಿರಿಝಾ."

ನನಗೆ ಗೊತ್ತಿಲ್ಲದೆಯೇ "ಓ" ಎಂದೆ. ಒಳಗೆ ಮಗು ಎದ್ದು ಅಳುತ್ತಿತ್ತು. ಎಣ್ಣೆ ಬಿಸಿಗಿಡಲು ಎದ್ದೆ.